ದ್ರಾಕ್ಷಾಯಣಮ್ಮನವರ ಹುಣಸೆಬೀಜಗಳು

ದ್ರಾಕ್ಷಾಯಣಮ್ಮನವರು ಅಕ್ಷರ ಕಲಿತದ್ದು ಶೇಂಗಾ ಚೀಲದ ಮೇಲೆ ಕುಳಿತು. ಅವರ ತಂದೆ ಕೆಂಚವೀರಪ್ಪನವರು ದಾವಣಗೆರೆಯ ಮಂಡಿಪೇಟೆಯಲ್ಲಿ ಒಬ್ಬ ವರ್ತಕರ ಮಂಡಿಯಲ್ಲಿ ತೂಕ ಮಾಡುವವರಾಗಿದ್ದರು. ತಾಯಿ ಬೇಗ ತೀರಿಕೊಂಡಿದ್ದರಿಂದ ಮಗುವನ್ನು ಮನೆಯಲ್ಲಿ ಬಿಟ್ಟು ಹೋಗುವಂತಿರಲಿಲ್ಲ. ಬೆಳಿಗ್ಗೆ ಜೊತೆಯಲ್ಲೇ ಕರೆದುಕೊಂಡು ಹೋಗಿ, ಚೀಲಗಳ ಮೇಲೆ ಕೂರಿಸಿ, ಕೈಗೊಂದು ಸ್ಲೇಟು ಕೊಡುತ್ತಿದ್ದರು. ಹಮಾಲರು ಆ ಚೀಲಕ್ಕೆ ಕೈ ಹಾಕಿದಾಗ ಮಗು ಎದ್ದು ಇನ್ನೊಂದು ಚೀಲಕ್ಕೆ ಹೋಗಬೇಕು. ಒಂದು ಕಾಗುಣಿತ ಮುಗಿಸುವಷ್ಟರಲ್ಲಿ ನಾಲ್ಕು ಚೀಲ ಬದಲಾಯಿಸುತ್ತಿದ್ದೆ ಎಂದು ಅವರು ಮುಂದೆ ಹೇಳಿಕೊಂಡು ನಗುತ್ತಿದ್ದರು.

ಕೆಂಚವೀರಪ್ಪನವರಿಗೆ ಒಂದು ಅಭ್ಯಾಸವಿತ್ತು. ದಿನದ ಮೊದಲ ಚೀಲ ತೂಗುವ ಮುನ್ನ ಎರಡೂ ತಟ್ಟೆಗಳನ್ನು ಬಟ್ಟೆಯಿಂದ ಒರೆಸಿ, ಖಾಲಿ ತಕ್ಕಡಿಯನ್ನೇ ಎತ್ತಿ ಹಿಡಿದು ಅದರ ಮುಳ್ಳನ್ನು ನೋಡುತ್ತಿದ್ದರು. ಉಸಿರು ಬಿಗಿಹಿಡಿದು, ಮುಳ್ಳು ನಿಲ್ಲುವ ತನಕ. ಮಾಲು ತಂದ ರೈತರು ಅವಸರ ಮಾಡಿದರೂ ಬಿಡುತ್ತಿರಲಿಲ್ಲ. ತನ್ನ ತಕ್ಕಡಿಯನ್ನು ನೋಡಿಕೊಳ್ಳದೆ ಬೇರೆಯವರ ಮಾಲಿಗೆ ಮಾತನಾಡಬಾರದು ಎಂಬುದು ಅವರ ನಿಲುವು. ಮಗಳು ಚೀಲದ ಮೇಲೆ ಕುಳಿತು ಇದನ್ನು ಹತ್ತು ವರ್ಷ ನೋಡಿದಳು.

ನಾನು ಅವರನ್ನು ಕಂಡದ್ದು ೧೯೫೮ರಲ್ಲಿ, ಹರಿಹರಕ್ಕೆ ಹೋಗುವ ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ. ನಾವಿಬ್ಬರೂ ಹರಿಹರದ ಒಂದು ಚರ್ಚ್ ಶಾಲೆಯಲ್ಲಿ ಅದೇ ವರ್ಷ ಕೆಲಸಕ್ಕೆ ಸೇರಿದ್ದೆವು. ನನಗೆ ಡ್ರಿಲ್ಲು ಮತ್ತು ನೀತಿಪಾಠ, ಅವರಿಗೆ ನಾಲ್ಕನೆಯ ತರಗತಿ. ಅವರಿಗಾಗ ಇಪ್ಪತ್ತನಾಲ್ಕು ವರ್ಷವಿರಬಹುದು. ಕೈಮಗ್ಗದ ಸೀರೆ, ಕೈಯಲ್ಲಿ ಬಟ್ಟೆಯ ಚೀಲ, ಚೀಲದಲ್ಲಿ ಬುತ್ತಿಯ ಜೊತೆಗೆ ಯಾವಾಗಲೂ ಒಂದು ರಟ್ಟಿನ ನೋಟುಪುಸ್ತಕ. ಆ ಪುಸ್ತಕದಲ್ಲಿ ಅವರು ಮಕ್ಕಳು ಹೇಳಿದ ತಪ್ಪು ಉತ್ತರಗಳನ್ನು ಬರೆದಿಟ್ಟುಕೊಳ್ಳುತ್ತಿದ್ದರು. ಸರಿ ಉತ್ತರಗಳೆಲ್ಲ ಒಂದೇ ತರಹ ಇರುತ್ತವೆ, ಅವನ್ನು ಬರೆದು ಏನು ಮಾಡಲಿ ಎನ್ನುತ್ತಿದ್ದರು.

ನಮ್ಮ ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಫೆಲಿಸಿತಾ ಮಂಗಳೂರಿನ ಕಡೆಯವರು. ಎತ್ತರದ ಹೆಂಗಸು, ಬಿಳಿಯ ನಿಲುವಂಗಿ ಸದಾ ಇಸ್ತ್ರಿ ಮಾಡಿದಂತೆ ಇರುತ್ತಿತ್ತು. ಕಟ್ಟುನಿಟ್ಟು ಬಹಳ, ಆದರೆ ಜ್ವರ ಬಂದ ಮಗುವನ್ನು ತಾವೇ ಎತ್ತಿಕೊಂಡು ಆಸ್ಪತ್ರೆಗೆ ಓಡುವವರೂ ಅವರೇ. ಅವರ ಶಾಲೆಯಲ್ಲಿ ಒಂದು ಮುರಿಯಲಾಗದ ನಿಯಮವಿತ್ತು. ಉತ್ತರ ಹೇಳುವ ಮಗು ಎದ್ದು, ನೆಟ್ಟಗೆ ನಿಂತು, ಕೈಕಟ್ಟಿ, ನಂತರ ಬಾಯಿ ತೆರೆಯಬೇಕು. ಕುಳಿತು ಹೇಳಿದ ಉತ್ತರ ಸರಿಯಾಗಿದ್ದರೂ ಅದು ಉತ್ತರವಲ್ಲ.

೧೯೬೧ರ ಜೂನ್‌ನಲ್ಲಿ ಶಾಲೆಗೆ ಬೆಂಚುಗಳು ಬಂದವು. ಅಲ್ಲಿಯವರೆಗೆ ಮಕ್ಕಳು ಮಣೆಯ ಮೇಲೆ, ಚಾಪೆಯ ಮೇಲೆ ಕೂರುತ್ತಿದ್ದರು. ಸಿಸ್ಟರ್ ಐದು ವರ್ಷ ಊರೂರು ತಿರುಗಿ, ಚರ್ಚಿಗೆ ಬರುವವರನ್ನೂ ಬಾರದವರನ್ನೂ ಕೇಳಿ, ಮರ ಕೂಡಿಸಿ ಮಾಡಿಸಿದ ಬೆಂಚುಗಳು ಅವು. ಹೊಳೆಯ ದಾರಿಯಲ್ಲಿದ್ದ ಬಡಗಿ ಅಲ್ಲಾಬಕ್ಷ್ ಅವನ್ನು ಮಾಡಿದ್ದರು. ಬೆಂಚು ಮತ್ತು ಡೆಸ್ಕು ಒಂದೇ ಚೌಕಟ್ಟಿನಲ್ಲಿ ಸೇರಿಕೊಂಡಿದ್ದವು. ಒಂದೊಂದರಲ್ಲಿ ಐದು ಮಕ್ಕಳು, ಡೆಸ್ಕಿನ ಮೇಲೆ ಮಸಿಕುಡಿಕೆ ಇಡಲು ಐದು ತೂತು. ನಾಲ್ಕನೆಯ ತರಗತಿಗೆ ಒಂಬತ್ತು ಬೆಂಚು ಬಂದವು, ಮಕ್ಕಳು ನಲವತ್ತೈದು. ಸಿಸ್ಟರ್ ದಿನಕ್ಕೆರಡು ಸಲ ಬಂದು ಬೆಂಚುಗಳನ್ನು ಬಟ್ಟೆಯಿಂದ ಒರೆಸಿ ಹೋಗುತ್ತಿದ್ದರು.

ಆಗಸ್ಟಿನಲ್ಲಿ ಮೇಲಿನಿಂದ ಒಂದು ಸುತ್ತೋಲೆ ಬಂತು. ಕ್ರೈಸ್ತ ಶಾಲೆಗಳ ಶಿಕ್ಷಕರ ಸಭೆ ಜನವರಿಯಲ್ಲಿ ದಾವಣಗೆರೆಯಲ್ಲಿ ಸೇರುವುದು. ಪ್ರತಿ ಶಾಲೆಯಿಂದ ಒಬ್ಬರು ತಮ್ಮ ತರಗತಿಯಲ್ಲಿ ತಾವೇ ಏನಾದರೊಂದನ್ನು ಪರೀಕ್ಷಿಸಿ ನೋಡಿ, ಕಂಡದ್ದನ್ನು ಬರೆದು ಓದಬೇಕು. ಪುಸ್ತಕದಿಂದ ತೆಗೆದು ಬರೆದದ್ದು ಬೇಡ ಎಂದೂ ಅದರಲ್ಲಿತ್ತು.

ಸಿಸ್ಟರ್ ದ್ರಾಕ್ಷಾಯಣಮ್ಮನವರನ್ನು ಕರೆಸಿದರು. ಪ್ರಬಂಧದ ತಲೆಬರಹವನ್ನು ಅವರೇ ಗೊತ್ತುಮಾಡಿದ್ದರು: "ಬೆಂಚುಗಳಿಂದ ತರಗತಿಗೆ ಆದ ಪ್ರಯೋಜನ." ಜೊತೆಗೆ ಇನ್ನೊಂದು ಮಾತನ್ನೂ ಹೇಳಿದರು. ದ್ರಾಕ್ಷಾಯಣಮ್ಮನವರದು ತಾತ್ಕಾಲಿಕ ಹುದ್ದೆ. ಅಂಥ ಹುದ್ದೆಯಲ್ಲಿ ನಾಲ್ಕು ವರ್ಷಕ್ಕಿಂತ ಹೆಚ್ಚು ಇರುವಂತಿರಲಿಲ್ಲ, ಅದು ನಾಲ್ಕನೆಯ ವರ್ಷ. ಮಾರ್ಚಿಯೊಳಗೆ ಸಿಸ್ಟರ್ ಶಿಫಾರಸು ಕಳಿಸಿದರೆ ಖಾಯಂ, ಇಲ್ಲವಾದರೆ ಜೂನ್‌ನಲ್ಲಿ ಬೇರೆಯವರು. ಪ್ರಬಂಧ ಚೆನ್ನಾಗಿ ಬಂದರೆ ಶಿಫಾರಸಿಗೆ ಅದೇ ಆಧಾರ ಎಂದರು ಸಿಸ್ಟರ್. ಅವರು ಅದನ್ನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು.

ಆ ಸಂಜೆ ಗಾಡಿಯಲ್ಲಿ ದ್ರಾಕ್ಷಾಯಣಮ್ಮನವರು ಬಹಳ ಉತ್ಸಾಹದಲ್ಲಿದ್ದರು. ಪ್ರಯೋಜನ ಆಗಿದೆ ಎಂದು ಸುಮ್ಮನೆ ಬರೆಯುವುದು ಹೇಗೆ, ಅಳೆದು ತೋರಿಸಬೇಕಲ್ಲವೇ ಎಂದರು. ಪಾಠ ನಡೆಯುವಾಗ ಎಷ್ಟು ಮಕ್ಕಳು ಉತ್ತರ ಹೇಳುತ್ತಾರೆ, ಯಾರು ಎಷ್ಟು ಸಲ ಹೇಳುತ್ತಾರೆ, ಅದನ್ನು ಎಣಿಸಬೇಕೆಂದು ನಿಶ್ಚಯಿಸಿದರು. ಪಾಠ ಮಾಡುತ್ತಾ ಬರೆದುಕೊಳ್ಳುವುದಾಗದು, ಆದ್ದರಿಂದ ಲೆಕ್ಕವನ್ನು ಮಕ್ಕಳ ಕೈಗೇ ಕೊಡುವುದು. ಬೆಳಿಗ್ಗೆ ಪ್ರತಿ ಮಗುವಿಗೂ ಐದು ಕಾಳು, ಒಂದು ಉತ್ತರ ಹೇಳಿದರೆ ಒಂದು ಕಾಳು ಡಬ್ಬಿಗೆ. ಸಂಜೆ ಯಾರ ಕೈಯಲ್ಲಿ ಎಷ್ಟು ಉಳಿದಿದೆ ನೋಡಿದರೆ ಎಲ್ಲವೂ ತಿಳಿಯುತ್ತದೆ.

ಮಂಡಿಯವರ ಮಗಳಿಗೆ ಕಾಳು ಎಂದರೆ ಶೇಂಗಾ ಅಲ್ಲದೆ ಇನ್ನೇನು ಹೊಳೆಯಬೇಕು? ಕೆಂಚವೀರಪ್ಪನವರು ಹುರಿದ ಶೇಂಗಾವನ್ನೇ ಒಂದು ಚೀಲದಲ್ಲಿ ಕಟ್ಟಿಕೊಟ್ಟರು. ಮರುದಿನ ಮಧ್ಯಾಹ್ನದ ಹೊತ್ತಿಗೆ ಒಂದು ಮಗುವಿನ ಕೈಯಲ್ಲೂ ಒಂದು ಕಾಳೂ ಉಳಿದಿರಲಿಲ್ಲ. ಡಬ್ಬಿಯಲ್ಲಿ ಮಾತ್ರ ಹನ್ನೊಂದು ಕಾಳಿದ್ದವು. ಆ ದಿನದ ಪುಟವನ್ನು ನಾನು ನೋಡಿದ್ದೇನೆ: "ಮೊದಲ ದಿನ. ಎಲ್ಲ ಮಕ್ಕಳೂ ಐದೈದು ಕಾಳು ಖರ್ಚು ಮಾಡಿದ್ದಾರೆ. ಕಾರಣ ಹಸಿವು. ನಾಳೆಯಿಂದ ಹುಣಸೆಬೀಜ."

ಹುಣಸೆಬೀಜವನ್ನು ಯಾರೂ ತಿನ್ನಲಿಲ್ಲ, ಆದರೆ ಊಟದ ಬಿಡುವಿನಲ್ಲಿ ಅವುಗಳಿಂದ ಆಟ ಶುರುವಾಯಿತು. ಆಗ ಬೀಜಗಳಿಗೆ ಸುಣ್ಣದ ಚುಕ್ಕೆ ಇಟ್ಟು, ಊಟದ ಬಿಡುವಿಗೆ ಮುನ್ನ ಎಣಿಸಿ ತೆಗೆದಿಟ್ಟು ಬಿಡುವಿನ ನಂತರ ಅಷ್ಟನ್ನೇ ಹಿಂದಕ್ಕೆ ಕೊಡುವ ಕ್ರಮ ಬಂತು. ಎರಡನೆಯ ವಾರದಿಂದ ಲೆಕ್ಕ ಸರಿಯಾಗಿ ನಿಂತಿತು. ಅವರು ನೋಟುಪುಸ್ತಕದಲ್ಲಿ ಒಂಬತ್ತು ಬೆಂಚುಗಳ ಚಿತ್ರ ಬರೆದು, ಪ್ರತಿ ಮಗುವಿನ ಜಾಗದಲ್ಲಿ ಉಳಿದ ಬೀಜಗಳ ಸಂಖ್ಯೆಯನ್ನು ಬರೆಯುತ್ತಿದ್ದರು.

ಎರಡು ವಾರ ಕಳೆದ ಮೇಲೆ ಒಂದು ಸಂಜೆ ಗಾಡಿಯಲ್ಲಿ ಆ ಚಿತ್ರವನ್ನು ನನ್ನ ಮುಂದೆ ಹಿಡಿದರು. ಮುಖದಲ್ಲಿ ಎಂದಿನ ನಗೆ ಇರಲಿಲ್ಲ. ಪ್ರತಿ ಬೆಂಚಿನ ಎರಡು ತುದಿಗಳಲ್ಲಿ ಸೊನ್ನೆ, ಒಂದು, ಸೊನ್ನೆ. ನಡುವಿನ ಮೂರು ಜಾಗಗಳಲ್ಲಿ ನಾಲ್ಕು, ಐದು, ಐದು. ಮುಂದಿನ ಬೆಂಚು ಹಿಂದಿನ ಬೆಂಚು ಎಂಬ ಭೇದವಿಲ್ಲ, ಒಂಬತ್ತರಲ್ಲೂ ಹೀಗೆಯೇ. ಚಾಪೆಯ ಕಾಲದ ಅವರ ಹಳೆಯ ಟಿಪ್ಪಣಿಗಳಲ್ಲಿ ತಪ್ಪು ಉತ್ತರ ಹೇಳಿದ ಮಕ್ಕಳ ಹೆಸರು ಮೂವತ್ತೈದರ ಮೇಲಿದ್ದವು. ಈಗ ತಪ್ಪು ಹೇಳುವವರೂ ಹದಿನೆಂಟೇ ಮಂದಿ.

"ಏಕಾಂತಪ್ಪ ಮೇಷ್ಟ್ರೇ, ಇಪ್ಪತ್ತೇಳು ಮಕ್ಕಳು ನನ್ ಕ್ಲಾಸಿನಾಗ ಬಾಯೇ ಬಿಟ್ಟಿಲ್ರಿ" ಎಂದರು. "ನಾನು ಮಾತ್ರ ಪಾಠ ಭಾಳ ಚೊಲೋ ನಡೀತೈತೆ ಅಂದ್ಕೊಂಡಿದ್ದೆ."

ರಾತ್ರಿ ಊಟಕ್ಕೆ ಕುಳಿತಾಗ ತಂದೆಗೆ ಹೇಳಿದರಂತೆ. ಕೆಂಚವೀರಪ್ಪನವರು ರೊಟ್ಟಿ ಮುರಿಯುತ್ತಾ, ಮಕ್ಕಳನ್ನು ಆಮೇಲೆ ತೂಗು, ಮೊದಲು ನಿನ್ನ ತಕ್ಕಡಿ ಎತ್ತಿ ನೋಡಿದೆಯಾ ಎಂದರಂತೆ. ದ್ರಾಕ್ಷಾಯಣಮ್ಮನವರು ನೋಡಿದರು. ತಾವು ತುದಿಯ ಮಕ್ಕಳನ್ನೇ ಕೇಳುತ್ತಿರಬಹುದು ಎಂದುಕೊಂಡು ಮರುದಿನದಿಂದ ಬೇಕೆಂದೇ ನಡುವಿನವರನ್ನು ಹೆಸರು ಹಿಡಿದು ಕೇಳಿದರು. ಫಲ ಸಿಕ್ಕಲಿಲ್ಲ. ಮೂರನೆಯ ಬೆಂಚಿನ ಸರಿನಡುವೆ ಕುಳಿತಿದ್ದ ಖುರ್ಷೀದಾ ಅರ್ಧ ಎದ್ದು, ಬಾಗಿ ನಿಂತು, ಉತ್ತರದ ಕಡೆಗೆ ಗಮನವೇ ಇಲ್ಲದವಳಂತೆ ಡೆಸ್ಕನ್ನೇ ನೋಡುತ್ತಾ, ಬರಲ್ರಿ ಎಂದು ಕುಳಿತುಬಿಟ್ಟಳು. ಉಳಿದವರದೂ ಅದೇ ಉತ್ತರ. ಎಲ್ಲರೂ ಬರುವುದಿಲ್ಲ ಎನ್ನುವವರೇ.

ಆ ಖುರ್ಷೀದಾ ಬಡಗಿ ಅಲ್ಲಾಬಕ್ಷ್ ಅವರ ಮಗಳು. ಪಾಪ, ಆ ಹುಡುಗಿ ಮಂದ, ಏನು ಕೇಳಿದರೂ ಬರುವುದಿಲ್ಲ ಎನ್ನುತ್ತಾಳೆ ಎಂದು ದ್ರಾಕ್ಷಾಯಣಮ್ಮನವರು ಗಾಡಿಯಲ್ಲಿ ಹೇಳಿದಾಗ ನಾನು ನಕ್ಕುಬಿಟ್ಟೆ. ನಮ್ಮ ಶಾಲೆಯಲ್ಲಿ ಕ್ರೈಸ್ತ ಮಕ್ಕಳು ಜ್ಞಾನೋಪದೇಶಕ್ಕೆ ಹೋಗುವ ಹೊತ್ತಿನಲ್ಲಿ ಉಳಿದ ಮಕ್ಕಳು ಜಗುಲಿಯ ಮೇಲೆ ನನ್ನ ಬಳಿ ನೀತಿಪಾಠಕ್ಕೆ ಬರುತ್ತಿದ್ದರು. ಅಲ್ಲಿ ಖುರ್ಷೀದಾಳ ಬಾಯಿ ಮುಚ್ಚಿಸುವುದೇ ನನ್ನ ದೊಡ್ಡ ಕೆಲಸವಾಗಿತ್ತು. ನಾನು ಕಥೆಯ ಅರ್ಧದಲ್ಲಿರುವಾಗಲೇ ಕೊನೆಯನ್ನು ಅವಳು ಹೇಳಿ ಮುಗಿಸುತ್ತಿದ್ದಳು, ಅದೂ ನನ್ನದಕ್ಕಿಂತ ಒಳ್ಳೆಯ ಕೊನೆ.

ದ್ರಾಕ್ಷಾಯಣಮ್ಮನವರು ನಂಬಲಿಲ್ಲ. ಮರುದಿನ ಬಂದು ಜಗುಲಿಯ ಕಂಬದ ಮರೆಯಲ್ಲಿ ನಿಂತರು. ಖುರ್ಷೀದಾ ಒಬ್ಬಳೇ ಅಲ್ಲ, ಬೀಜ ಉಳಿಸಿಕೊಳ್ಳುವ ಮಕ್ಕಳು ಹತ್ತಾರು ಮಂದಿ ಅಲ್ಲಿ ಗುಬ್ಬಿಗಳಂತೆ ಮಾತನಾಡುತ್ತಿದ್ದರು. ಅದೇ ಮಕ್ಕಳು, ಅದೇ ಶಾಲೆ, ನಡುವೆ ಒಂದು ಗೋಡೆ ಮಾತ್ರ. ಕಂಬದ ಮರೆಯಿಂದ ಅವರು ಬಂದಾಗ ಮುಖ ಅರಳಿತ್ತು. ಮಕ್ಕಳಲ್ಲಿ ಕೊರತೆಯಿಲ್ಲ ಎಂಬುದಷ್ಟಾದರೂ ಗೊತ್ತಾಯಿತಲ್ಲ ಎಂದರು.

ಇನ್ನು ಜಾಗದ ಪರೀಕ್ಷೆ. ಸೋಮವಾರ ಅವರು ಮಕ್ಕಳನ್ನು ಅದಲುಬದಲು ಮಾಡಿದರು. ಖುರ್ಷೀದಾಳನ್ನು ತುದಿಗೆ ಕೂರಿಸಿ, ತುದಿಯಲ್ಲಿದ್ದ ಸಣ್ಣತಿಮ್ಮಪ್ಪನನ್ನು ನಡುವೆ ಕೂರಿಸಿದರು. ಸಣ್ಣತಿಮ್ಮಪ್ಪನೆಂದರೆ ಪ್ರಶ್ನೆ ಮುಗಿಯುವ ಮುನ್ನವೇ ಉತ್ತರ ಹೇಳುವವನು, ಅರ್ಧ ಸಲ ಬೇರೆ ಪ್ರಶ್ನೆಗೆ. ಮಧ್ಯಾಹ್ನದೊಳಗೆ ಖುರ್ಷೀದಾಳ ಐದೂ ಬೀಜ ಡಬ್ಬಿಗೆ ಬಿದ್ದವು. ಇನ್ನೂ ಕೊಡ್ರಿ ಎಂದು ಕೈ ಚಾಚಿದಳು. ಸಣ್ಣತಿಮ್ಮಪ್ಪನ ಕೈಯಲ್ಲಿ ಸಂಜೆಗೆ ನಾಲ್ಕು ಬೀಜ ಉಳಿದಿದ್ದವು.

ಏನಾಯಿತೋ ನಿನಗೆ ಎಂದು ಕೇಳಿದ್ದಕ್ಕೆ ಅವನು ಮೊಣಕಾಲು ತೋರಿಸಿದ. ಕೆಂಪಾಗಿ ಬಾತುಕೊಂಡಿತ್ತು.

"ಹೆಂಗೆ ಏಳ್ಲಿ ಟೀಚರ್? ತುದೀಲಿದ್ರೆ ಪಕ್ಕಕ್ಕೆ ಜಾರಿ ನಿಂತ್ಕೋಬೋದು. ನಡುವೆ ಇದ್ರೆ ನೆಟ್ಟಗೆ ಏಳ್ಬೇಕು. ಎದ್ರೆ ಮೊಣಕಾಲು ಡೆಸ್ಕಿಗೆ ಬಡಿತೈತೆ, ಐದೂ ಕುಡಿಕೆ ಮಸಿ ಚೆಲ್ತೈತೆ. ಆಮೇಲೆ ಪಕ್ಕದೋರು ಚಿವುಟ್ತಾರೆ. ಅದ್ಕೇ ಇವ್ರೆಲ್ಲ ಬರಲ್ಲ ಅಂತಾರೆ."

ದ್ರಾಕ್ಷಾಯಣಮ್ಮನವರು ಖುರ್ಷೀದಾಳ ಕಡೆಗೆ ನೋಡಿದರು. ಅವಳು ತಲೆ ತಗ್ಗಿಸಿಕೊಂಡಿದ್ದಳು. ಬೆಂಚು ಬಂದ ಮೊದಲ ದಿನದಿಂದಲೇ ಅವಳಿಗೆ ಇದು ಗೊತ್ತಿತ್ತು. ಆದರೆ ಬೆಂಚು ಮಾಡಿದವರು ಅವಳ ಅಪ್ಪ. ಅಪ್ಪನ ಕೆಲಸದ ಮೇಲೆ ಮಾತು ಬರುವುದಕ್ಕಿಂತ ತಾನು ದಡ್ಡಿ ಎನಿಸಿಕೊಳ್ಳುವುದೇ ವಾಸಿ ಎಂದು ಒಂಬತ್ತು ವರ್ಷದ ಆ ಹುಡುಗಿ ನಾಲ್ಕು ತಿಂಗಳಿಂದ ಬಾಯಿ ಮುಚ್ಚಿಕೊಂಡಿದ್ದಳು.

ದ್ರಾಕ್ಷಾಯಣಮ್ಮನವರು ಪ್ರಬಂಧ ಬರೆದರು. ಹನ್ನೆರಡು ಪುಟ, ಬೆಂಚಿನ ಚಿತ್ರಗಳ ಸಮೇತ. ಬೆಂಚುಗಳಿಂದ ಮಕ್ಕಳ ಅಕ್ಷರ ಗುಂಡಾಯಿತು, ಬೆನ್ನು ನೆಟ್ಟಗಾಯಿತು, ಮಳೆಗಾಲದಲ್ಲಿ ನೆಗಡಿ ಕಡಿಮೆಯಾಯಿತು ಎಂಬುದನ್ನು ಮೊದಲು ಬರೆದರು, ಏಕೆಂದರೆ ಅದೂ ನಿಜವೇ. ನಂತರ ಬೀಜಗಳ ವಿಷಯ ಬರೆದರು. ಕೊನೆಯಲ್ಲಿ, ಉತ್ತರ ಹೇಳುವ ಮಗು ಕುಳಿತೇ ಹೇಳಲು ಅನುಮತಿ ಕೊಡಬೇಕೆಂದು ಒಂದು ಸಾಲು.

ಸಿಸ್ಟರ್ ಓದಿ ಮುಗಿಸಿ ಕನ್ನಡಕ ತೆಗೆದಿಟ್ಟರು. ನಾನು ಹಾಜರಿ ಪುಸ್ತಕ ಕೊಡಲು ಹೋದವನು ಬಾಗಿಲಲ್ಲೇ ನಿಂತೆ.

"ನಾನು ಬೆಂಚಿನ ಬಗ್ಗೆ ಬರೆಯಲಿಕ್ಕೆ ಹೇಳಿದ್ದು ಟೀಚರ್. ನೀವು ಬರೆದದ್ದು ಎಂತದು, ಹುಣಸೆಬೀಜದ ಬಗ್ಗೆ?"

"ಬೆಂಚಿನ ಬಗ್ಗೇನೇ ಐತ್ರಿ ಸಿಸ್ಟರ್."

"ಎದ್ದು ನಿಲ್ಲುವುದು ಮರ್ಯಾದೆ. ಮರ್ಯಾದೆ ಕಲಿಸದೆ ಮತ್ತೆ ಎಂತ ಕಲಿಸುವುದು ನಾವು? ಇದನ್ನು ಅಷ್ಟು ಜನರ ಎದುರು ಓದಿದರೆ, ಐದು ವರ್ಷ ಬೆಂಚಿಗಾಗಿ ತಿರುಗಿದ ನನ್ನನ್ನು ನೋಡಿ ನಗುವುದಿಲ್ಲವಾ?" ಅವರ ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಾಗಿತ್ತು. ಕೊನೆಯ ಎಂಟು ಪುಟ ತೆಗೆದುಬಿಡಿ, ಮೊದಲ ನಾಲ್ಕು ಪುಟ ಚೆನ್ನಾಗಿದೆ, ಅದರ ಮೇಲೆ ಶಿಫಾರಸು ಬರೆಯುತ್ತೇನೆ ಎಂದರು.

ದ್ರಾಕ್ಷಾಯಣಮ್ಮನವರು ಹನ್ನೆರಡು ಪುಟಗಳನ್ನೂ ಒಟ್ಟುಮಾಡಿ ಕೈಯಲ್ಲಿ ಹಿಡಿದುಕೊಂಡರು. ಅವರ ಮನೆಯ ಸ್ಥಿತಿ ನನಗೆ ಗೊತ್ತಿತ್ತು. ಕೆಂಚವೀರಪ್ಪನವರು ಸೊಂಟನೋವಿನಿಂದ ಆ ವರ್ಷವೇ ಮಂಡಿಯ ಕೆಲಸ ಬಿಡುವವರಿದ್ದರು. ನಾಲ್ಕು ಪುಟ ಸಾಕು ಎಂದು ಒಪ್ಪಿಕೊಂಡಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ, ನಾನಂತೂ ಅನ್ನುತ್ತಿರಲಿಲ್ಲ. ಬಾಗಿಲಲ್ಲಿ ನಿಂತು, ಒಪ್ಪಿಕೊಳ್ಳಲಿ ಎಂದೇ ನಾನು ಹಾರೈಸುತ್ತಿದ್ದೆ.

"ಒಂದ್ ಮಾತು ನಡೆಸ್ಕೊಡ್ರಿ ಸಿಸ್ಟರ್" ಎಂದರು ಅವರು. "ನಾಳೆ ಒಂದು ಪಿರಿಯಡ್ ಬಂದು ಖುರ್ಷೀದಾನ ಹಳೇ ಜಾಗದಾಗ ಕೂಡ್ರಿ. ನಾನೊಂದು ಪ್ರಶ್ನೆ ಕೇಳ್ತೀನಿ. ನೀವು ನಿಯಮದ ಪ್ರಕಾರ ಎದ್ದು ಉತ್ತರ ಹೇಳ್ರಿ. ಆಮೇಲೂ ಬ್ಯಾಡ ಅಂದ್ರೆ ಎಂಟು ಪುಟ ನಾನೇ ಹರೀತೀನಿ."

ಸಿಸ್ಟರ್ ಅವರನ್ನು ದಿಟ್ಟಿಸಿ ನೋಡಿದರು. ಪಂಥಕ್ಕೆ ಹೆದರುವ ಜೀವ ಅದಲ್ಲ. ಎಷ್ಟು ಗಂಟೆಗೆ ಎಂದು ಮಾತ್ರ ಕೇಳಿದರು.

ಮರುದಿನ ಹತ್ತೂವರೆಗೆ ನಾನು ನಾಲ್ಕನೆಯ ತರಗತಿಯ ಕಿಟಕಿಯ ಹೊರಗೆ ಐದನೆಯವರಿಗೆ ಡ್ರಿಲ್ಲು ಹೇಳಿಕೊಡುವಂತೆ ವೇಳೆಯನ್ನು ಹೊಂದಿಸಿಕೊಂಡಿದ್ದೆ. ಸಿಸ್ಟರ್ ಬಂದರು. ಮಕ್ಕಳು ಎದ್ದು ನಮಸ್ಕಾರ ಹೇಳಿದರು, ಅಂದರೆ ತುದಿಯವರು ಎದ್ದರು, ನಡುವಿನವರು ಬಾಗಿದರು. ಸಿಸ್ಟರ್ ಅದನ್ನು ಗಮನಿಸಿದರೆಂದು ನನಗೆ ಅನ್ನಿಸಿತು. ಮೂರನೆಯ ಬೆಂಚಿನ ಇಬ್ಬರು ಮಕ್ಕಳು ಹೊರಬಂದು ದಾರಿ ಬಿಟ್ಟರು. ಸಿಸ್ಟರ್ ಬಿಳಿಯ ಅಂಗಿಯನ್ನು ಒಟ್ಟುಮಾಡಿಕೊಂಡು ಹೇಗೋ ನುಸುಳಿ ಸರಿನಡುವೆ ಕುಳಿತರು. ಮಕ್ಕಳು ಮತ್ತೆ ಬಂದು ಆಚೀಚೆ ಒತ್ತಿಕೊಂಡರು. ಖುರ್ಷೀದಾ ಪಕ್ಕದಲ್ಲೇ ಇದ್ದಳು. ದ್ರಾಕ್ಷಾಯಣಮ್ಮನವರು ಎಲ್ಲರಿಗೂ ಐದೈದು ಬೀಜ ಹಂಚಿದರು. ಸಿಸ್ಟರಿಗೂ ಐದು.

ಭೂಗೋಳದ ಪಾಠ. ಹತ್ತು ನಿಮಿಷ ಪಾಠ ನಡೆದ ಮೇಲೆ ದ್ರಾಕ್ಷಾಯಣಮ್ಮನವರು ಕೇಳಿದರು, ನಮ್ಮ ಊರಿನ ಹೊಳೆ ತುಂಗಭದ್ರೆ. ತುಂಗೆಯೂ ಭದ್ರೆಯೂ ಸೇರುವುದು ಎಲ್ಲಿ, ಸಿಸ್ಟರ್ ಹೇಳಲಿ. ಕಿಟಕಿಯ ಹೊರಗೆ ಡ್ರಿಲ್ಲು ತಾನಾಗಿಯೇ ನಿಂತುಹೋಯಿತು. ಐದನೆಯ ತರಗತಿಯವರೆಲ್ಲ ಸರಳು ಹಿಡಿದು ನಿಂತಿದ್ದರು, ನಾನೂ ನಿಂತಿದ್ದೆ.

ಸಿಸ್ಟರ್ ಎದ್ದರು. ಅವರು ಯಾವಾಗಲೂ ಏಳುವುದು ಒಂದೇ ಸಲಕ್ಕೆ, ನೆಟ್ಟಗೆ. ಠಪ್ ಎಂದು ಮೊಣಕಾಲು ಡೆಸ್ಕಿಗೆ ಬಡಿಯಿತು. ಬೆಂಚು ಡೆಸ್ಕು ಎರಡೂ ಒಟ್ಟಿಗೆ ಹಾರಿ ಕುಳಿತವು. ಐದು ಕುಡಿಕೆಗಳಲ್ಲಿ ಮೂರು ಉರುಳಿದವು. ನೀಲಿ ಮಸಿ ಎಡದಿಂದ ಒಂದು ಧಾರೆ, ಬಲದಿಂದ ಒಂದು ಧಾರೆ ಹರಿದು ಬಂದು, ಡೆಸ್ಕಿನ ಅಂಚಿನಲ್ಲಿ ಒಂದಾಗಿ, ಸಿಸ್ಟರ ಬಿಳಿಯ ಅಂಗಿಯ ಮೇಲೆ ಸುರಿಯತೊಡಗಿತು. ಅವರು ಕೈ ಕಟ್ಟಿಕೊಂಡೇ ನಿಂತಿದ್ದರು. ನಿಯಮ ನಿಯಮವೇ. "ಶಿವಮೊಗ್ಗದ ಹತ್ತಿರ, ಕೂಡಲಿಯಲ್ಲಿ" ಎಂದು ಪೂರ್ತಿ ಉತ್ತರ ಹೇಳಿದರು.

"ಇಲ್ಲೂ ಎರಡು ಹೊಳೆ ಸೇರಿದ್ವು ಸಿಸ್ಟರ್" ಎಂದ ಸಣ್ಣತಿಮ್ಮಪ್ಪ.

ದ್ರಾಕ್ಷಾಯಣಮ್ಮನವರ ಮುಖ ಬಿಳಿಚಿಕೊಂಡಿತ್ತು. ಮಸಿ ಡೆಸ್ಕಿನ ಮೇಲೆ ಚೆಲ್ಲುವುದೆಂದು ಅವರು ಎಣಿಸಿದ್ದರೇ ಹೊರತು ಸಿಸ್ಟರ ಅಂಗಿಯ ಮೇಲೆಂದು ಎಣಿಸಿರಲಿಲ್ಲ. ಅಷ್ಟರಲ್ಲಿ ಖುರ್ಷೀದಾ ಸಣ್ಣ ದನಿಯಲ್ಲಿ, "ಸಿಸ್ಟರ್, ಉತ್ತರ ಸರಿ ಐತೆ. ಒಂದು ಬೀಜ ಹಾಕ್ರಿ" ಎಂದಳು.

ಸಿಸ್ಟರ್ ಅವಳನ್ನು ನೋಡಿದರು. ತಮ್ಮ ಅಂಗಿಯನ್ನು ನೋಡಿಕೊಂಡರು. ಆಮೇಲೆ ನಕ್ಕರು. ಅವರು ಹಾಗೆ ನಗುವುದನ್ನು ನಾವು ಯಾರೂ ಅದುವರೆಗೆ ನೋಡಿರಲಿಲ್ಲ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ, ಕುಳಿತುಕೊಳ್ಳಲೂ ಆಗದೆ ನಿಲ್ಲಲೂ ಆಗದೆ ನಕ್ಕರು. ಮಕ್ಕಳೂ ನಕ್ಕರು. ಕಿಟಕಿಯ ಹೊರಗೆ ಐದನೆಯ ತರಗತಿ ನೆಲಕ್ಕೆ ಕುಸಿದು ನಕ್ಕಿತು. ಸಿಸ್ಟರ್ ಒಂದು ಬೀಜವನ್ನು ಖುರ್ಷೀದಾಳ ಕೈಗೆ ಕೊಟ್ಟು, ನೀನೇ ಹಾಕಿ ಬಾ ಮಗಾ, ನನಗೆ ಇಲ್ಲಿಂದ ಹೊರಗೆ ಬರಲಿಕ್ಕೆ ಆಗುವುದಿಲ್ಲ ಎಂದರು.

ಮಧ್ಯಾಹ್ನವೇ ಅಲ್ಲಾಬಕ್ಷ್ ಅವರನ್ನು ಕರೆಸಿದರು. ಅವರು ಟೋಪಿ ಕೈಯಲ್ಲಿ ಹಿಡಿದು ಬೆಂಚಿನ ಸುತ್ತ ಎರಡು ಸುತ್ತು ಬಂದು, ಮಸಿಯ ಕಲೆಯನ್ನೂ ನೋಡಿ, ನಿಜವಾಗಿಯೂ ಅಚ್ಚರಿಯಿಂದ ಹೇಳಿದರು.

"ಅಮ್ಮಾ, ಮಕ್ಕಳು ಕೂಡಾಕ ಬೆಂಚ್ ಮಾಡು ಅಂದ್ರಿ, ಮಾಡ್ದೆ. ಅಳತೆಗೆ ನಮ್ ಖುರ್ಷೀದಾನ್ನೇ ಕೂಡ್ಸಿದ್ದೆ. ಏಳಾಕ ಅಂತ ಯಾರೂ ಹೇಳ್ಲೇ ಇಲ್ಲ."

ಬೇಕಾದರೆ ಎಲ್ಲ ಬೆಂಚುಗಳನ್ನೂ ಕೊಯ್ದು, ಡೆಸ್ಕನ್ನು ಅರ್ಧ ಮೊಳ ಮುಂದಕ್ಕೆ ಸರಿಸಿ ಕೊಡುತ್ತೇನೆ, ಕೂಲಿ ಬೇಡ ಎಂದರು. ಬಾಗಿಲ ಬಳಿ ಖುರ್ಷೀದಾ ನಿಂತು ಕೇಳುತ್ತಿದ್ದಳು. ಸಿಸ್ಟರ್ ಬೆಂಚಿನ ಮೇಲೆ ಕೈಯಾಡಿಸಿದರು. ಇಷ್ಟು ಒಳ್ಳೆಯ ಕೆಲಸವನ್ನು ಕೊಯ್ಯುವುದು ಬೇಡ, ಕೊಯ್ಯಬೇಕಾದದ್ದು ನನ್ನ ನಿಯಮವನ್ನು ಎಂದರು. ಮರುದಿನ ಪ್ರಾರ್ಥನೆಯ ಹೊತ್ತಿನಲ್ಲಿ ಹೊಸ ನಿಯಮ ಓದಿದರು: ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಬೆಂಚಿನಿಂದ ಹೊರಗೆ ಬಂದು ನಿಂತು ನಮಸ್ಕಾರ, ಉಳಿದಂತೆ ಕುಳಿತೇ ಉತ್ತರ. ಎರಡು ವಾರಗಳಲ್ಲಿ ನೋಟುಪುಸ್ತಕದ ಚಿತ್ರದ ನಡುವೆಯೂ ಸೊನ್ನೆಗಳು ಬರತೊಡಗಿದವು. ಗದ್ದಲವೂ ಹೆಚ್ಚಾಯಿತು. ಪಕ್ಕದ ತರಗತಿಯವರು ದೂರು ಕೊಟ್ಟಾಗ ಸಿಸ್ಟರ್, ನೀವೂ ಬೀಜ ಎಣಿಸಿ ನೋಡಿ ಎಂದುಬಿಟ್ಟರು.

ಜನವರಿಯ ಸಭೆಗೆ ನಾನು ಕೆಂಚವೀರಪ್ಪನವರನ್ನು ಜಟಕಾದಲ್ಲಿ ಕರೆದುಕೊಂಡು ಹೋಗಿದ್ದೆ. ರುಮಾಲು ಸುತ್ತಿ, ಕೋಲು ಹಿಡಿದು, ಕೊನೆಯ ಸಾಲಿನಲ್ಲಿ ಕುಳಿತಿದ್ದರು. ಮಗಳು ಹನ್ನೆರಡು ಪುಟವನ್ನೂ ಓದಿದಳು. ಶೇಂಗಾ ದಿನದ ಪುಟ ಬಂದಾಗ ಸಭೆಯೇ ನಕ್ಕಿತು. ತಮ್ಮ ಅಂಗಿಯ ಕಥೆಯನ್ನು ಮಾತ್ರ ಸಿಸ್ಟರ್ ತಾವೇ ಎದ್ದುನಿಂತು ಹೇಳಿದರು, ಬೇರೆಯವರು ಹೇಳಿದರೆ ಮಸಿ ಕಡಿಮೆಯಾಗುತ್ತದೆ ಎಂದು. ಕೊನೆಗೆ ಒಬ್ಬ ಹಿರಿಯ ಪಾದ್ರಿಗಳು, ಈ ಕ್ರಮವನ್ನು ಯಾವ ಗ್ರಂಥದಿಂದ ತೆಗೆದುಕೊಂಡಿರಿ ಎಂದು ಕೇಳಿದರು.

"ಗ್ರಂಥ ಇಲ್ರಿ ಫಾದರ್. ನಮ್ಮಪ್ಪಾರು ದಿನಾ ಬೆಳಿಗ್ಗೆ ಖಾಲಿ ತಕ್ಕಡಿ ನೋಡ್ತಿದ್ರು. ಅಲ್ಲಿ ಹಿಂದೆ ಕುಂತಾರೆ ನೋಡ್ರಿ" ಎಂದರು ದ್ರಾಕ್ಷಾಯಣಮ್ಮನವರು.

ಎಲ್ಲರೂ ಹಿಂತಿರುಗಿ ನೋಡಿದರು. ಕೆಂಚವೀರಪ್ಪನವರು ಗಾಬರಿಯಿಂದ ನನ್ನ ತೋಳು ಹಿಡಿದು, ಏನಂದಳು, ನನ್ನ ತೂಕದಲ್ಲಿ ಏನಾದರೂ ಹೆಚ್ಚುಕಡಿಮೆ ಬಂತಾ ಎಂದು ಕೇಳಿದರು.

ಮಾರ್ಚಿ ಕೊನೆಯ ವಾರದಲ್ಲಿ ಖಾಯಂ ಆದೇಶ ಬಂತು. ಸಿಸ್ಟರ್ ಅದನ್ನು ತಮ್ಮ ಕೋಣೆಯಲ್ಲಿ ಕೊಡದೆ ನಾಲ್ಕನೆಯ ತರಗತಿಗೇ ತಂದು, ಮಕ್ಕಳ ಮುಂದೆ ಓದಿ ಕೊಟ್ಟರು. ಅವರ ಅಂಗಿಯ ಮೇಲೆ, ಎಷ್ಟು ಒಗೆದರೂ ಹೋಗದ ತಿಳಿ ನೀಲಿ ಇನ್ನೂ ಇತ್ತು. ದ್ರಾಕ್ಷಾಯಣಮ್ಮನವರು ಕಣ್ಣೊರೆಸಿಕೊಂಡು, ಮರುದಿನ ಮಂಡಿಯಿಂದ ಒಂದು ದೊಡ್ಡ ಚೀಲ ಹುರಿದ ಶೇಂಗಾ ತಂದರು. ಪ್ರತಿ ಮಗುವಿನ ಬೊಗಸೆಗೂ ತುಂಬಿ ಹಂಚಿದರು. ನನಗೂ ಕೊಟ್ಟರು, ಸಿಸ್ಟರಿಗೂ ಕೊಟ್ಟರು.

ಒಂದು ಮಗುವೂ ತಿನ್ನಲಿಲ್ಲ. ನಲವತ್ತೈದು ಮಕ್ಕಳು ಬೊಗಸೆ ಹಿಡಿದುಕೊಂಡು, ಬೆನ್ನು ನೆಟ್ಟಗೆ ಮಾಡಿ, ದ್ರಾಕ್ಷಾಯಣಮ್ಮನವರ ಬಾಯಿಯನ್ನೇ ನೋಡುತ್ತಾ ಕುಳಿತಿದ್ದರು. ಏಕೆಂದು ನಮಗೆ ಯಾರಿಗೂ ಅರ್ಥವಾಗಲಿಲ್ಲ. ಕೊನೆಗೆ ಖುರ್ಷೀದಾ, ಕುಳಿತಲ್ಲಿಂದಲೇ, ಪ್ರಶ್ನೆ ಯಾವಾಗ ಕೇಳ್ತೀರಿ ಟೀಚರ್ ಎಂದಳು.

"ಇವು ಎಣಿಸಾಕಲ್ಲ ಕಣವ್ವಾ" ಎಂದರು ದ್ರಾಕ್ಷಾಯಣಮ್ಮನವರು. "ತಿನ್ನಾಕ."